ತೇಮಲ್ ಸಾರ್ ಹೇಳದೇ ಹೋದ ಮಾತು

ಕೋಯಮತ್ತೂರಿನ ಗಾಂಧಿಪುರಂ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸಕ್ಕರೆ ಕಾಯಿಲೆಯ ಒಂದು ಆಸ್ಪತ್ರೆ ಇದೆ. ಹೋದ ತಿಂಗಳು ಅಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ನನ್ನನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ನೈಲಾನ್ ಎಳೆಯೊಂದರಿಂದ ನನ್ನ ಅಂಗಾಲನ್ನು ಒತ್ತತೊಡಗಿದಳು. ಪೆನ್ನಿನಂಥ ಹಿಡಿಯ ತುದಿಗೆ ಸಿಕ್ಕಿಸಿದ ಒಂದೇ ಎಳೆ. ಎಳೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ; ಐವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಬದುಕಿದವನು. ಮುಟ್ಟಿದ್ದು ತಿಳಿದಾಗಲೆಲ್ಲ "ಹ್ಞಾ" ಅನ್ನಬೇಕಂತೆ. ನಾನು ಅವಳ ಕೈಯ ತಾಳ ಹಿಡಿದುಕೊಂಡು ಹ್ಞಾ, ಹ್ಞಾ ಎನ್ನುತ್ತ ಹೋದೆ.

"ಅಯ್ಯಾ, ಈಗ ನಾನು ಮುಟ್ಟಲೇ ಇಲ್ಲ," ಅಂದಳು ತಮಿಳಿನಲ್ಲಿ. ನಗುತ್ತಿದ್ದಳು.

ನನಗೆ ನಗು ಬರಲಿಲ್ಲ. ಇದೇ ಮಾತನ್ನು ನಮ್ಮೂರ ಶಾಲೆಯ ಅಂಗಳದಲ್ಲಿ ಒಬ್ಬಾತ ಮಕ್ಕಳಿಗೆ ಹೇಳುವುದನ್ನು ಕೇಳಿದ್ದೆ. ಅವನ ಕೈಯಲ್ಲಿ ಇದ್ದದ್ದು ಕೋಳಿಯ ಗರಿ. ಬೇಕೆಂದೇ ನೆನೆಯದೆ ಬಿಟ್ಟಿದ್ದವನು, ಕಾಲಿನ ಕಡೆಯಿಂದ ಬಂದು ಹೊಕ್ಕ...

ಎಂಬತ್ತರ ದಶಕದ ನಡುವಿನ ಮಾತು. ಕಿಣತ್ತುಕಡವಿನಲ್ಲಿ ಪೊಳ್ಳಾಚಿ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಡೆದರೆ ನಮ್ಮ ನೇಕಾರರ ಬೀದಿ. ನಲವತ್ತು ಮಗ್ಗ. ಎಲ್ಲರ ಮನೆಮಾತು ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರವನ್ನು ನಾನು ಕಲಿತದ್ದೇ ನಲವತ್ತು ದಾಟಿದ ಮೇಲೆ, ಮೈಸೂರು ಕಡೆಗೆ ಸೀರೆ ಗಂಟು ಹೊತ್ತು ತಿರುಗುವಾಗ, ಅಂಗಡಿ ಬೋರ್ಡು ಓದಿ ಓದಿ. ಅಪ್ಪ ಸತ್ತ ವಾರವೇ ಆರನೇ ಕ್ಲಾಸಿನ ಪುಸ್ತಕ ಅಟ್ಟಕ್ಕೆ ಹಾಕಿ ಅವನ ಮಗ್ಗದ ಗುಂಡಿಗೆ ಇಳಿದವನು ನಾನು. ಯಾರ ಮುಂದೆಯೂ ಕೈ ಚಾಚಲಿಲ್ಲ. ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿಯನ್ನು ಹತ್ತನೇ ಕ್ಲಾಸು ಪಾಸು ಮಾಡಿಸಿದೆ. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ಅವಳು. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ಗರಿಯವನನ್ನು ನಾವು ಹೆಸರಿಟ್ಟು ಕರೆದದ್ದಿಲ್ಲ. ತೇಮಲ್ ಸಾರ್ ಎನ್ನುತ್ತಿದ್ದೆವು. ತೇಮಲ್ ಎಂದರೆ ಮೈಮೇಲಿನ ಬಿಳಿಚು ಮಚ್ಚೆ. ಆತ ಸರ್ಕಾರದ ಕುಷ್ಠ ವಿಭಾಗದ ನೌಕರ. ಹಸಿರು ಸೈಕಲ್ಲು, ಹ್ಯಾಂಡಲಿಗೆ ತೂಗುವ ಖಾಕಿ ಚೀಲ, ಚೀಲದೊಳಗೆ ಗರಿ, ಗುಂಡುಪಿನ್ನು, ಮಾತ್ರೆಯ ಪಟ್ಟಿಗಳು. ಶಾಲೆ ಶಾಲೆಗೆ ಹೋಗಿ ಮಕ್ಕಳ ಅಂಗಿ ಬಿಚ್ಚಿಸಿ ಮಚ್ಚೆ ಹುಡುಕುವುದು, ಅದರ ಮೇಲೆ ಗರಿ ಆಡಿಸಿ ತಿಳಿಯುತ್ತದಾ ಎಂದು ಕೇಳುವುದು ಅವನ ಕೆಲಸ. ಆ ರೋಗದ ಹೆಸರನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೊಡ್ಡ ರೋಗ ಎಂದರೆ ಸಾಕು. ಆತ ಪಕ್ಕದೂರಿನ ಚೇರಿಯಲ್ಲಿ, ಎಂದರೆ ದಲಿತರ ಕೇರಿಯಲ್ಲಿ, ಹುಟ್ಟಿ ಓದಿ ಮೇಲೆ ಬಂದವನು. ಅದು ಬೀದಿಗೆಲ್ಲ ಗೊತ್ತಿತ್ತು. ಅವನು ಅದನ್ನು ಮರೆಯಲು ನಾವು ಬಿಡುತ್ತಲೂ ಇರಲಿಲ್ಲ.

ಅವನ ಸೈಕಲ್ಲು ಯಾರ ಜಗಲಿಗೆ ಒರಗಿತೋ ಆ ಮನೆ ಮುಗಿಯಿತು. ಬೀದಿಯ ಕೊನೆಯ ಮನೆಯ ಮುದುಕನ ಬಾಗಿಲಲ್ಲಿ ಎರಡು ಸಲ ನಿಂತದ್ದೇ ತಡ, ನಮಗೆಲ್ಲ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುತ್ತಿದ್ದ ಮುದಲಾಳಿ ಆ ಮುದುಕನ ಮಗ್ಗಕ್ಕೆ ಉದ್ದಕ್ಕೆ ಹೂಡಿದ್ದ ನೂಲಿನ ಹಾಸನ್ನೇ ಬಿಚ್ಚಿಸಿಬಿಟ್ಟ. ನಾವು ನೇಯುತ್ತಿದ್ದದ್ದು ಧಾರೆ ಸೀರೆ. ದೊಡ್ಡ ರೋಗದ ಮನೆಯಲ್ಲಿ ನೇಯ್ದದ್ದನ್ನು ಉಟ್ಟು ಯಾರ ಮಗಳು ಹಸೆಗೆ ಕೂರುತ್ತಾಳೆ? ಅರ್ಧ ನೇಯ್ದ ಹಾಸನ್ನು ಹೊರಗೆ ಹೊತ್ತು ತಂದ ನಾಲ್ವರಲ್ಲಿ ನಾನೂ ಒಬ್ಬ. ಮನೆಗೆ ಬಂದು ಕೈ ತೊಳೆಯುತ್ತ, "ನಮ್ಮನೇಲಿ ಇದೇನಾದ್ರೂ ಬಂದಿದ್ರೆ ಮಗ್ಗಕ್ಕೆ ಬೆಂಕಿ ಇಟ್ಟು ಊರು ಬಿಟ್ಟುಬಿಡ್ತಿದ್ದೆ" ಅಂದೆ. ಅಮ್ಮ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ನಮ್ಮಮ್ಮನ ಕೈ ಕಬ್ಬಿಣ, ಕುದಿಯುವ ಪಾತ್ರೆಗೂ ಮಸಿಬಟ್ಟೆ ಬೇಡ ಎಂದು ನಾನು ಬೀದಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು...

ಅಂಥವನು ಒಂದು ದಿನ ಸೈಕಲ್ಲನ್ನು ತಂದು ನಮ್ಮ ಜಗಲಿಗೇ ಒರಗಿಸಿದ. ಕೈಯಲ್ಲೊಂದು ಫಾರಂ. ತಂಗಿಯನ್ನು ಒಂದು ವರ್ಷದ ಸರ್ಕಾರಿ ತರಬೇತಿಗೆ ಕಳಿಸಬೇಕಂತೆ. ಆಮೇಲೆ ತನ್ನಂತೆಯೇ ರೋಗ ಪತ್ತೆ ಮಾಡುವ, ಮಾತ್ರೆ ಕೊಡುವ ಕೆಲಸ. ಅವಳನ್ನು ಸ್ಕೂಲಿನಲ್ಲಿ ನೋಡಿದ್ದಾನಂತೆ. ಕಣ್ಣು ಸೂಕ್ಷ್ಮವಂತೆ, ಬಾಯಿ ಬಿಗಿಯಂತೆ.

"ನಿಮ್ಮಂಥ ಬೀದಿಯಿಂದ, ನಮ್ಮಂಥ ಚೇರಿಯಿಂದ ಈ ಕೆಲಸಕ್ಕೆ ಒಬ್ಬರೂ ಬರೋದಿಲ್ಲ ತಂಬಿ," ಅಂದ. "ಬರುವವರು ಟೌನಿನವರು. ಕೈಗೆ ಬಟ್ಟೆ ಸುತ್ತಿಕೊಂಡು ಮುಟ್ಟುತ್ತಾರೆ. ಈ ಪೊಣ್ಣು ಹಾಗಲ್ಲ."

"ದೊಡ್ಡ ರೋಗದವರ ಕಾಲು ತೊಳೆಯೋಕಾ ನಾನು ಇವಳನ್ನ ಓದಿಸಿದ್ದು?"

"ಆಮಾ," ಅಂದ. ಹೌದು ಅಂತ. ಒಂದಿಷ್ಟೂ ತಡವರಿಸದೆ.

ತಂಬಿ, ತಮ್ಮಾ, ಎಂದು ಅವನು ನನ್ನನ್ನು ಕರೆದದ್ದೇ ನನಗೆ ಸೇರಲಿಲ್ಲ. ಕೂರಲು ಹೇಳಲಿಲ್ಲ. ಅಮ್ಮ ಒಳಗಿನಿಂದ ನೀರು ತಂದು ಕೊಟ್ಟದ್ದು ನೋಡಿ ಮೈ ಉರಿಯಿತು. ಹದಿನೈದು ದಿನದಲ್ಲಿ ಮತ್ತೆರಡು ಸಲ ಬಂದ. ಎರಡು ಸಲವೂ ಅದೇ ಜಗಲಿ, ಅದೇ ಸೈಕಲ್ಲು. ಓದಿದವನಿಗೆ ಅಷ್ಟು ತಿಳಿಯಬೇಡವೇ? ಒಳ್ಳೆಯದು ಮಾಡಲು ಹೊರಟವರಿಗೆ ತಮ್ಮ ಸೈಕಲ್ಲು ಎಲ್ಲಿ ನಿಂತಿದೆ ಎಂಬುದು ಕಾಣುವುದಿಲ್ಲ. ಈ ತಪ್ಪು ಅವನದೇ. ಇವತ್ತಿಗೂ ಹೇಳುತ್ತೇನೆ.

ತಂಗಿ ಫಾರಮ್ಮನ್ನು ದುಂಡಗಿನ ಅಕ್ಷರದಲ್ಲಿ ತುಂಬಿಸಿದಳು. ಪೋಷಕರ ಸಹಿಯ ಜಾಗವೊಂದೇ ಖಾಲಿ. ದಿನಾ ಬೆಳಿಗ್ಗೆ ಅದನ್ನು ನನ್ನ ಮಗ್ಗದ ಹಲಗೆಯ ಮೇಲೆ ಇಡುವಳು. ನಾನು ಎತ್ತಿ ಬದಿಗಿಡುವೆ. ಮರುದಿನ ಮತ್ತೆ ಹಲಗೆಯ ಮೇಲೆ. ಸೋಮವಾರ ಕಡೆಯ ದಿನ, ಕೋಯಮತ್ತೂರಿನ ಆಫೀಸಿಗೆ ಕೈಯಾರೆ ಕೊಡಬೇಕು ಎಂದು ಹೇಳಿಯೂ ಇದ್ದಳು.

"ಒಂದು ಕೈಯೆಳುತ್ತು ಅಣ್ಣಾ. ಸಹಿ ಹಾಕಿದ್ರೆ ನಿನ್ ಕೈಯೇನು ಸವೆದು ಹೋಗ್ತದಾ?"

"ನಿನ್ನ ಮದುವೆ ಪತ್ರಿಕೇಲಿ ಹಾಕ್ತೀನಿ ಇರು." ಸಿಂಗಾನಲ್ಲೂರಿನ ಮಿಲ್ಲಿನಲ್ಲಿ ಕೆಲಸದಲ್ಲಿದ್ದ ಒಬ್ಬ ಹುಡುಗನ ಮನೆಯವರು ಬಂದು ಅವಳನ್ನು ನೋಡಿ ಒಪ್ಪಿ ಹೋಗಿದ್ದರು.

"ಆ ಮಾಪಿಳ್ಳೆಯಾ? ಮಿಲ್ಲಿನ ಸಂಗು ಊದಿದ್ರೆ ಎದ್ದು ನಿಲ್ತಾನೆ, ಸಂಗು ಊದಿದ್ರೆ ಕೂತ್ಕೋತಾನೆ. ನೀನೇ ಕಟ್ಕೋ ಅವನ್ನ."

ಅಮ್ಮ ನಕ್ಕಳು. ನಾನೂ ನಕ್ಕೆನೇನೋ... ನೆನಪಿಲ್ಲ.

ಶನಿವಾರ ಸಿಂಗಾನಲ್ಲೂರಿನಿಂದ ಆಳು ಬಂದ. ನಿಮ್ಮ ಬಾಗಿಲಲ್ಲಿ ತೇಮಲ್ ಸೈಕಲ್ಲು ನಿಲ್ಲುತ್ತದಂತೆ, ನಮಗೆ ಈ ಸಂಬಂಧ ಬೇಡ ಎಂದಷ್ಟೇ ಮಾತು. ಭಾನುವಾರ ಮುದಲಾಳಿ ಕರೆಸಿ, ಹೆಸರು ತೊಳೆದುಕೊಂಡು ಬಾ, ಆಮೇಲೆ ಧಾರೆ ಸೀರೆಯ ಹಾಸು ಕೊಡುತ್ತೇನೆ ಎಂದ. ಹದಿನಾಲ್ಕು ವರ್ಷ ಅವನಿಗೆ ಒಂದು ಎಳೆ ತಪ್ಪದಂತೆ ನೇಯ್ದು ಕೊಟ್ಟಿದ್ದೆ.

ಸೋಮವಾರ ಬೆಳಿಗ್ಗೆ ತೇಮಲ್ ಸಾರ್ ಬಂದ. ಕೋಯಮತ್ತೂರಿಗೆ ಹೋಗುವವನು ತಂಗಿಯನ್ನೂ ಜೊತೆಗೆ ಕರೆದೊಯ್ದು ಆಫೀಸು ತೋರಿಸುವುದೆಂದು ಮಾತಾಗಿತ್ತಂತೆ. ಅವಳು ನೀಲಿ ಸೀರೆ ಉಟ್ಟು, ಹೂ ಮುಡಿದು, ಫಾರಂ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗುಡಿಯ ಮುಂದೆ ಮುದಲಾಳಿ, ಬೀದಿಯ ಹತ್ತಾರು ಜನ. ನಾನು ಹೋಗಿ ಸೈಕಲ್ಲಿನ ಹ್ಯಾಂಡಲು ಹಿಡಿದೆ.

"ಇವರೆಲ್ಲರ ಮುಂದೆ ಹೇಳು. ನಮ್ಮನೇಲಿ ಯಾರಿಗೂ ಇಲ್ಲಾಂತ ಹೇಳು. ಹೇಳಿದ್ರೆ ಇಲ್ಲೇ, ಈ ಜಗಲಿ ಮೇಲೇ ಕೈಯೆಳುತ್ತು ಹಾಕ್ತೀನಿ. ಕರ್ಕೊಂಡು ಹೋಗು."

ಅವನು ಸೈಕಲ್ಲಿನಿಂದ ಇಳಿದ. ಫಾರಂ ನೋಡಿದ, ತಂಗಿಯನ್ನು ನೋಡಿದ.

"ಯಾರ ಮನೆಯ ಬಗ್ಗೆಯೂ ನಾನು ಇದೆ ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ ತಂಬಿ," ಅಂದ. "ಇವತ್ತು ನಿನಗೆ ಹೇಳಿದರೆ ನಾಳೆ ಪಕ್ಕದ ಮನೆಯವರು ಕೇಳುತ್ತಾರೆ. ಹೇಳಲಾಗದ ಮನೆಯೊಂದು ಬಂದರೆ ಏನು ಮಾಡಲಿ?"

"ಬಾಯಾಗೆ ಕೊಳುಕಟ್ಟೆ ಕಡುಬು ಇಟ್ಕೊಂಡವ್ನೆ ಸಾರು!" ಎಂದು ಯಾರೋ ಕೂಗಿದರು. "ಇಲ್ಲದ್ದನ್ನ ಇಲ್ಲ ಅನ್ನೋಕೆ ಏನು ಕೇಡು?"

ಒಂದು ಮಾತು. ಇಲ್ಲ ಎಂಬ ಒಂದೇ ಮಾತು ಕೇಳಿದ್ದೆ. ಅದನ್ನು ಆಡಿದ್ದರೆ ಅವನು ಹದಿನೈದು ದಿನದಿಂದ ಬೆನ್ನು ಹತ್ತಿದ್ದ ಹುಡುಗಿ ಅವನಿಗೆ ಸಿಗುತ್ತಿದ್ದಳು. ಅವನ ಬಾಯಿ ಬಿಚ್ಚಿತು ಕೂಡ. ಆಗ ತಂಗಿ ಅವನ ಕಡೆ ನೋಡಿ, ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದಳು. ಅವನು ಬಾಯಿ ಮುಚ್ಚಿಕೊಂಡ.

ನಾನು ಅದನ್ನು ನೋಡಿದೆ. ನನಗೂ ತಿಳಿಯದ ಯಾವ ಗುಟ್ಟು ಇವರಿಬ್ಬರ ನಡುವೆ? ತಲೆಗೆ ಬಂದದ್ದು ಒಂದೇ, ಆ ವಯಸ್ಸಿನ ಅಣ್ಣನಿಗೆ ಬರುವಂಥದ್ದು. ಹೊಡೆದೆ. ಒಂದಲ್ಲ. ಚೀಲ ಕಿತ್ತು ಚರಂಡಿಗೆ ಸುರಿದೆ. ಗರಿ, ಪಿನ್ನು, ಮಾತ್ರೆ ಎಲ್ಲ. ಅವನ ಜಾತಿ ಹಿಡಿದು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಬೀದಿ ಸುಮ್ಮನೆ ನೋಡುತ್ತಿತ್ತು. ಅಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ಅವನು ಬಗ್ಗಿ ಮಾತ್ರೆಯ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ, ಪಂಚೆಯ ಅಂಚಿಗೆ ಒರೆಸಿ, ಚೀಲಕ್ಕೆ ಹಾಕಿಕೊಂಡ. ತುಟಿ ಒಡೆದಿತ್ತು. ನನ್ನ ಕಡೆ ತಿರುಗಲಿಲ್ಲ. ಹೋದ.

ನಾನು ಒಳಗೆ ಬಂದು ಮಗ್ಗಕ್ಕೆ ಇಳಿದೆ.

ಮುಂದಿನ ಚೈತ್ರದಲ್ಲಿ ತಂಗಿಯನ್ನು ತಿರುಪ್ಪೂರಿನ ಬನಿಯನ್ ಕಂಪನಿಯ ಕಟಿಂಗ್ ಮಾಸ್ಟರಿಗೆ ಕೊಟ್ಟೆ. ದೂರದವರು, ಸೈಕಲ್ಲಿನ ಸುದ್ದಿ ಅಲ್ಲಿಗೆ ಹೋಗಿರಲಿಲ್ಲ. ಮದುವೆಯಾಗಿ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ಬಂದು ನನ್ನ ಎದುರು ಕೂತು, ನೇಯುತ್ತಿದ್ದ ಸೀರೆಯ ಮೇಲೆ ತನ್ನ ಎರಡು ಕೈಗಳನ್ನೂ ಅಂಗೈ ಮೇಲಾಗಿ ಇಟ್ಟಳು. ಬೆರಳ ತುದಿಯಲ್ಲಿ ಹಳೆಯ ಸುಟ್ಟ ಕಲೆಗಳು.

"ಮಾತ್ರೆ ನೆನ್ನೆಗೆ ಮುಗೀತು ಕಣಪ್ಪಾ. ವಾಸಿಯಾಯ್ತು ಅಂದ್ರು," ಅಂದಳು. "ನಂಗೆ ಇತ್ತು. ಅವಳ ಮೇಲೆ ಎಗರಾಡಬೇಡ."

ಎಣ್ಣೆ ಸ್ನಾನಕ್ಕೆ ಬೆನ್ನು ಉಜ್ಜುವಾಗ ಮಚ್ಚೆ ಕಂಡದ್ದು ತಂಗಿಗೆ. ಕಬ್ಬಿಣದ ಕೈ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದದ್ದರ ಅರ್ಥ ಹೊಳೆದದ್ದೂ ಅವಳಿಗೇ. ಸ್ಕೂಲಿಗೆ ಬಂದಿದ್ದ ತೇಮಲ್ ಸಾರನ್ನು ಅವಳೇ ಹುಡುಕಿಕೊಂಡು ಹೋಗಿ ಕೇಳಿ, ಮಾತ್ರೆ ತಂದು, ದಿನಾ ತಪ್ಪದೆ ನುಂಗಿಸಿ, ಅಮ್ಮನ ಕೈಕಾಲು ನೋಡಿಕೊಂಡದ್ದು. ಒಂದೇ ಮನೆಯೊಳಗೆ, ಇಡೀ ದಿನ ಮನೆಯಲ್ಲೇ ಇರುವ ನನ್ನ ಕಣ್ಣು ತಪ್ಪಿಸಿ. ಅದಕ್ಕೇ ಅವನು ಅವಳನ್ನು ಆರಿಸಿದ್ದ. ಮಾತ್ರೆಯಿಂದ ಅಮ್ಮನ ಬಣ್ಣ ಕಪ್ಪಾದಾಗ ನಾನು ಬಿಸಿಲೆಂದುಕೊಂಡು, ಹೊರಗೆ ಹೋಗಬೇಡ ಎಂದು ಬೈದಿದ್ದೆ. ತಂಗಿ ಗಂಡನ ಮನೆಗೆ ಹೋದ ಮೇಲೆ ತಿಂಗಳಿಗೊಮ್ಮೆ ಕಿಣತ್ತುಕಡವಿನ ಸಂತೆಯಲ್ಲಿ, ತರಕಾರಿ ರಾಶಿಗಳ ನಡುವೆ ಅಮ್ಮನನ್ನು ಕಂಡು, ತನ್ನೆದುರೇ ಮಾತ್ರೆ ನುಂಗಿಸಿ ಕಳಿಸುತ್ತಿದ್ದವನು ನಾನು ತುಟಿ ಒಡೆದ ಅದೇ ಮನುಷ್ಯ.

ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಸಿಟ್ಟು. ನನ್ನ ದುಡಿಮೆಯ ಅನ್ನ ತಿಂದು, ನನಗೊಬ್ಬನಿಗೆ ಹೇಳಬಾರದು ಎಂದು ಮೂವರೂ ಸೇರಿ ತೀರ್ಮಾನಿಸಿದ್ದರು. ಏಕೆ ಹೇಳಲಿಲ್ಲ ಎಂದು ಅಮ್ಮನನ್ನು ಕೇಳಲು ಬಾಯಿ ತೆರೆದೆ. ಬೆಂಕಿ ಇಡುತ್ತಿದ್ದೆ ಎಂದು ನಾನು ಅಂದಿದ್ದ ಆ ಮಗ್ಗವನ್ನು ಅವಳು ನೋಡಿದಳು. ಕೇಳಲಿಲ್ಲ.

ಅವನಿಗೆ ಬೇರೆ ಕಡೆ ವರ್ಗವಾಯಿತೆಂದು ಆಮೇಲೆ ಕೇಳಿದೆ. ಹುಡುಕಿಕೊಂಡು ಹೋಗಲಿಲ್ಲ. ಬದುಕಿದ್ದರೆ ಎಂಬತ್ತರ ಹತ್ತಿರ ಇರಬೇಕು... ಹತ್ತು ಜನರೆದುರು ಹೊಡೆದವನು ಒಬ್ಬನೇ ಹೋಗಿ ಕಾಲು ಹಿಡಿದರೆ ಲೆಕ್ಕ ಸರಿಹೋಗುತ್ತದೆಯೇ? ಸುಳ್ಳಾದರೂ ಒಂದು ಮಾತು ಆಡಬಹುದಿತ್ತು ಎಂಬ ಸಿಟ್ಟು ನನ್ನಲ್ಲಿ ಈಗಲೂ ಇದೆ. ಆಡಿದ್ದರೆ ಅವನನ್ನು ನಾನು ನಂಬುತ್ತಿರಲಿಲ್ಲ ಎಂಬುದೂ ಗೊತ್ತಿದೆ.

ಆಸ್ಪತ್ರೆಯಿಂದ ಅವತ್ತು ನಾನು ಊರಿಗೆ ಹೋಗಲಿಲ್ಲ. ತಿರುಪ್ಪೂರು ಬಸ್ಸು ಹತ್ತಿದೆ. ತಂಗಿ ಮೂವತ್ತು ವರ್ಷ ಟ್ಯೂಬ್‌ಲೈಟಿನ ಕೆಳಗೆ ನಿಂತು ಬನಿಯನ್ನುಗಳಲ್ಲಿ ತೂತು ಹುಡುಕಿದವಳು, ಈಗ ಮನೆಯಲ್ಲಿದ್ದಾಳೆ. ವಿಷಯ ಕೇಳಿದ ಕೂಡಲೇ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಚಪ್ಪಲಿ ಬಿಚ್ಚಿಸಿ ಅದರೊಳಗೆ ಕೈ ಹಾಕಿ ಮೊಳೆ ಇದೆಯೇ ಎಂದು ತಡವಿದಳು. ಬೆರಳು ಬಿಡಿಸಿ ಸಂದಿ ನೋಡಿದಳು. ಆಸ್ಪತ್ರೆಯ ಹುಡುಗಿ ಅಷ್ಟು ನೋಡಿರಲಿಲ್ಲ. ಅವಳ ನರೆತ ತಲೆ ನನ್ನ ಮೊಣಕಾಲಿನ ಹತ್ತಿರ ಇತ್ತು. ಇಷ್ಟು ವರ್ಷ ಎತ್ತದ ಮಾತು ಆಗ ಬಾಯಿಗೆ ಬಂತು.

"ಆ ಸೋಮವಾರ... ನಿನಗೆ ಬಹಳ ಬೇಸರ ಆಗಿತ್ತಾ?"

ಅವಳು ತಲೆ ಎತ್ತಲಿಲ್ಲ.

"ಆಫೀಸು ಸಾಯಂಕಾಲ ಐದರವರೆಗೂ ಇತ್ತು ಅಣ್ಣಾ," ಅಂದಳು. "ನೀನು ಹೊಡೆದಿದ್ದು ಬೆಳಿಗ್ಗೆ ಎಂಟಕ್ಕೆ. ಮೂರೂವರೆ ಬಸ್ಸು ಹಿಡಿದ್ರೂ ಸಾಕಾಗ್ತಿತ್ತು. ಅಲ್ಲಿವರೆಗೂ ಸೀರೆ ಬದಲಾಯಿಸದೆ ಒಳಗೆ ಕೂತಿದ್ದೆ. ನಿನ್ನ ಮಗ್ಗದ ಸದ್ದು ನಿಂತಾಗೆಲ್ಲ, ಎದ್ದು ಬಂದು ಕೈಯೆಳುತ್ತು ಹಾಕ್ತೀಯಾ ಅಂದ್ಕೋತಿದ್ದೆ."

ಅವತ್ತು ನಾನು ಲಾಳಿ ಬದಲಿಸಲು ಎಷ್ಟು ಸಲ ಮಗ್ಗ ನಿಲ್ಲಿಸಿರಬಹುದು... ಅವಳು ಚಪ್ಪಲಿ ಕೊಡವಿ ನನ್ನ ಕಾಲಿನ ಮುಂದೆ ಇಟ್ಟು, ಕೈ ತೊಳೆಯಲು ಒಳಗೆ ಹೋದಳು. ನೀರಿನ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.