ಚೊಂಬೆತ್ತಿ ಕುಡಿದವರು

ಆ ಪ್ರವಾಸದಲ್ಲಿ ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಗಂಡ ಸರ್ಜನ್. ಅಮೆರಿಕದ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ನಮ್ಮ ಮನೆ. ಸ್ಪೇನಿನಲ್ಲಿ ಡಾಕ್ಟರುಗಳ ಕಾನ್ಫರೆನ್ಸ್ ಮುಗಿದ ಮೇಲೆ, ರಿಯೋಹಾ ಎಂಬ ದ್ರಾಕ್ಷಿ ಸೀಮೆಯ ವೈನರಿಗಳನ್ನು ತೋರಿಸಲು ನಮ್ಮನ್ನೆಲ್ಲ ಬಸ್ಸಿನಲ್ಲಿ ಕರೆದೊಯ್ದಿದ್ದರು.

ವೈನ್ ನನಗೂ ಹಿಡಿಸಿತು, ಸುಳ್ಳೇಕೆ ಹೇಳಲಿ. ಹೊಸ ಕೆಂಪು ವೈನಿನಲ್ಲಿ ನೇರಳೆ ಹಣ್ಣಿನ ಒಗರಿತ್ತು. ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದಕ್ಕೆ ಅಜ್ಜಿಯ ಮರದ ಪೆಟ್ಟಿಗೆ ತೆರೆದ ಹಾಗೆ ವಾಸನೆ. ರುಚಿ ನೋಡಿ ಬಕೆಟ್ಟಿಗೆ ಉಗುಳಿ ಎಂದಳು ಗೈಡ್. ಎಲ್ಲರೂ ಉಗುಳಿದರು, ಇವರು ಮಾತ್ರ ನುಂಗಿದರು. ಎರಡನೆಯ ವೈನರಿಯಲ್ಲೂ ನುಂಗಿದರು. ನಾನು ಪೀಪಾಯಿಗಳ ನಡುವೆ ಅತ್ತಿಂದಿತ್ತ ಓಡಾಡುತ್ತ ಇವರ ಗಂಟಲನ್ನೇ ನೋಡುತ್ತಿದ್ದೆ. ಮನೆಯಲ್ಲಿ ಸಂಜೆಯ ಒಂದು ಗ್ಲಾಸು ಮೂರಾಗಿ, ರಜೆಯ ದಿನ ಮಧ್ಯಾಹ್ನವೇ ಶುರುವಾಗಿ, ಎರಡು ವರ್ಷ ಕಳೆದಿತ್ತು. ಕೇಳಿದರೆ, "ರಿಲ್ಯಾಕ್ಸ್ ಆಗೋಕೆ ಕಣೇ, ನೀನು ವರಿ ಮಾಡ್ಬೇಡ" ಎನ್ನುತ್ತಿದ್ದರು. ನನ್ನ ಪಾಲಿಗೆ ಆ ವಿಷಯ ಬಾಯಲ್ಲಿಟ್ಟ ಬಿಸಿತುಪ್ಪ.

ಮೂರನೆಯ ವೈನರಿಯ ಮುದುಕ ಉದ್ದ ಮೂತಿಯ ಗಾಜಿನ ಹೂಜಿ ತಂದ. ತುಟಿಗೆ ತಾಗಿಸದೆ ಮೇಲೆತ್ತಿ ಸಣ್ಣ ಧಾರೆಯನ್ನು ಬಾಯಿಗೆ ಬಿಟ್ಟುಕೊಳ್ಳಬೇಕು. ಒಂದೇ ಹೂಜಿ ಎಲ್ಲರಿಗೂ. ಅಮೆರಿಕನ್ ಡಾಕ್ಟರುಗಳು ಮೂಗು, ಗಲ್ಲ, ಟೈ ಎಲ್ಲ ತೋಯಿಸಿಕೊಂಡು ನಕ್ಕರು. ನನಗೆ ಜಂಬ ಬಂತು. ಎಂಜಲಾಗದಂತೆ ಚೊಂಬೆತ್ತಿ ನೀರು ಕುಡಿದೇ ಬೆಳೆದವರು ನಾವು. ಮದುವೆಯ ಹೊಸದರಲ್ಲಿ ಇವರು ನಮ್ಮ ಮೈಸೂರಿನ ಮನೆಯಲ್ಲಿ ಚೊಂಬನ್ನು ಕೈ ಚಾಚಿದಷ್ಟೂ ಮೇಲೆತ್ತಿ, ಒಂದು ಹನಿ ಚೆಲ್ಲದೆ ಕುಡಿದು, ನನ್ನ ತಂಗಿಯರನ್ನು ಬೆರಗಾಗಿಸುತ್ತಿದ್ದರು.

"ರೀ, ನೀವು ತೋರ್ಸಿ ಇವ್ರಿಗೆ" ಎಂದು ನಾನೇ ಮುಂದೆ ತಳ್ಳಿದೆ.

ಇವರು ಹೂಜಿ ಎತ್ತಿದರು. ಧಾರೆ ಗದ್ದಕ್ಕೆ ಬಿತ್ತು, ಕೊರಳಿಗೆ ಬಿತ್ತು, ಬಿಳಿ ಶರ್ಟಿನ ಎದೆಯೆಲ್ಲ ಕೆಂಪಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರೂ ನಕ್ಕರು. ನಾನು ಇವರ ಬಲಗೈ ನೋಡಿದೆ. ಅದು ನಡುಗುತ್ತಿತ್ತು. ಆ ಕೈಯನ್ನು ನಂಬಿ ಜನ ಆಪರೇಷನ್ ಟೇಬಲ್ಲಿನ ಮೇಲೆ ಎಚ್ಚರವಿಲ್ಲದೆ ಮಲಗುತ್ತಾರೆ.

ಬಸ್ಸು ಹತ್ತಿದೆವು. ನನ್ನ ಕಾಲು ಸುಮ್ಮನೆ ಅಲ್ಲಾಡುತ್ತಲೇ ಇತ್ತು. ಕೊನೆಗೆ ಇವರೇ ಕೇಳಿದರು.

"ನೋಡ್ದೆ ಅಲ್ವಾ?"

"ನೋಡ್ದೆ."

"ಸೋಮವಾರ ಎರಡು ಸರ್ಜರಿ ಇದೆ." ಕರ್ಚೀಫಿನಿಂದ ಗದ್ದ ಒರೆಸಿಕೊಂಡರು. "ಫೋನ್ ಮಾಡಿ ಬೇರೆಯವ್ರಿಗೆ ಕೊಡೋಕೆ ಹೇಳ್ತೀನಿ. ಆಮೇಲೆ ನಾನೂ ಯಾವ್ದಾದ್ರೂ ಡಾಕ್ಟರ್‌ಗೆ ತೋರಿಸ್ಕೋಬೇಕು."

ನಾಲ್ಕನೆಯ ವೈನರಿ ಬಂತು. ಎಲ್ಲರೂ ಇಳಿದರು. ಇವರು ಎದ್ದು, ನನ್ನ ಮುಖ ನೋಡಿ, ಮತ್ತೆ ಕೂತರು. ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಸ್ಸು ಮತ್ತೆ ಹೊರಡುವವರೆಗೂ ಬಿಡಲಿಲ್ಲ.