ಸಮನಾಗಿ ಕೊಯ್ದ ಮೀನು

ಊರೂರು ಸುತ್ತಿ ತಕ್ಕಡಿ ರಿಪೇರಿ ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬನ ಹೆಸರನ್ನು ಅಂಗಡಿಯವರು ಮರೆತೇಬಿಟ್ಟಿದ್ದರು. ಎಲ್ಲರ ಬಾಯಲ್ಲೂ ಅವನು ಗಾಳದಣ್ಣ. ಅವನ ಚೀಲದಲ್ಲಿ ಅರ, ಇಕ್ಕಳ, ತೂಕದ ಕಲ್ಲುಗಳ ನಡುವೆ ಮರದ ತುಂಡಿಗೆ ಸುತ್ತಿದ ಗಾಳದ ದಾರವೊಂದು ಸದಾ ಇರುತ್ತಿತ್ತು. ಅಂಗಡಿಗಳು ಬಾಗಿಲು ತೆಗೆಯುವಷ್ಟರಲ್ಲಿ ಹೊಳೆಗೆ ಇಳಿದು ಮೀನು ಹಿಡಿದು ತರುತ್ತಿದ್ದ. ಇನ್ನೊಬ್ಬನಿಗೆ ಅಡ್ಡಹೆಸರೂ ಬೀಳಲಿಲ್ಲ. ಅವನು ಬರೀ ಜೊತೆಗಾರ. ತುಟಿ ಬಿಚ್ಚಿದರೆ ಮುತ್ತು ಉದುರೀತೆಂಬಂತೆ ಇರುವವನು.

ಮೀನೇನೋ ಸಿಗುತ್ತಿತ್ತು, ಬೇಯಿಸುವುದೆಲ್ಲಿ? ಲಾಡ್ಜಿನ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಿದರೂ ಮ್ಯಾನೇಜರು ಬಂದು ಬಾಗಿಲು ಬಡಿಯುತ್ತಿದ್ದ. ಹಾಗಾಗಿ ಗಾಳದಣ್ಣ ಯಾವುದಾದರೂ ಮನೆಯ ಮುಂದೆ ನಿಂತು, "ಅಕ್ಕಾ, ಮೀನು ನಮ್ದು, ಒಲೆ ನಿಮ್ದು. ಅರ್ಧ ಅರ್ಧ" ಎಂದು ಕೂಗುತ್ತಿದ್ದ. ಹಿಂದೆ ನಿಂತ ಜೊತೆಗಾರನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

"ಒಂದು ಸಣ್ಣ ಸ್ಟೌ ತಗೊಳ್ಳೋಣ ಕಣೋ. ಕಂಡೋರ ಬಾಗಿಲು ಕಾಯೋ ಗೋಳು ತಪ್ಪುತ್ತೆ" ಎಂದು ಅವನು ಎಷ್ಟೋ ಸಲ ಹೇಳಿದ್ದ.

"ತಗೊಂಡು? ಹೊಳೆ ದಂಡೇಲಿ ನಿನ್ನ ಮುಖ ನೋಡ್ಕೊಂಡು ತಿನ್ಲಾ? ಅದನ್ನ ದಿನಾ ಬಸ್ಸಲ್ಲಿ ನೋಡ್ತೀನಲ್ಲ, ಸಾಕು."

ಅರ್ಧ ಅರ್ಧ ಎನ್ನುತ್ತಿದ್ದನೇ ಹೊರತು ಅವನ ಕತ್ತಿ ಎಂದೂ ಮಧ್ಯಕ್ಕೆ ಬೀಳುತ್ತಿರಲಿಲ್ಲ. ದೊಡ್ಡ ಪಾಲು ಒಲೆಯವರದೇ. ಹಿಟ್ಟಿನ ಗಿರಣಿಯ ಅಜ್ಜಿಯಂತೂ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಊರ ತಕ್ಕಡೀನೆಲ್ಲ ಸರಿ ಮಾಡ್ತೀಯ, ಒಂದು ಮೀನು ಸಮ ಮಾಡೋಕೆ ಬರಲ್ವಲ್ಲೋ ನಿಂಗೆ!"

"ಏನ್ಮಾಡ್ಲಿ ಅಜ್ಜಿ, ಕೈಯೇ ಹಾಳಾಗಿದೆ. ರಿಪೇರಿ ಮಾಡೋರು ಸಿಕ್ಕಿಲ್ಲ."

ಅಂಥವನು, ರಜೆಗೆಂದು ಊರಿಗೆ ಹೋದಾಗ, ಎದೆ ಹಿಡಿದಂತಾಗುತ್ತಿದೆ ಎಂದು ಮಲಗಿದವನು ಮತ್ತೆ ಏಳಲಿಲ್ಲ.

ಜೊತೆಗಾರ ಮಣ್ಣು ಹಾಕಿ ಬಂದ. ಕೆಲ ದಿನಗಳ ಮೇಲೆ ಎರಡೂ ಚೀಲಗಳನ್ನು ಹೆಗಲಿಗೇರಿಸಿ ಒಬ್ಬನೇ ತಿರುಗಾಟಕ್ಕೆ ಹೊರಟ. ಮೊದಲ ಊರಿನ ಮೊದಲ ಅಂಗಡಿಯಲ್ಲೇ ಕೇಳಿದರು: "ಗಾಳದಣ್ಣ ಎಲ್ಲಿ?" ಅವನ ಬಾಯಿಂದ ಬಂದದ್ದು, "ಸ್ವಲ್ಪ ಜ್ವರ. ಮುಂದಿನ ಸಲ ಬರ್ತಾನೆ."

ಆ ಸುಳ್ಳನ್ನು ಅವನು ಯೋಚಿಸಿ ಹೇಳಿದ್ದಲ್ಲ. ಆದರೆ ಅಂಗಡಿಯವನು ಒಳಗಿಂದ ಒಂದು ಹಿಡಿ ಕಡಲೆ ತಂದು, "ಅವನಿಗೆ ಕೊಡು, ಬೇಗ ಹುಷಾರಾಗ್ಲಿ" ಎಂದಾಗ ಎದೆ ಹಗುರವಾದಂತಾಯಿತು. ಕನಿಷ್ಠ ಈ ಅಂಗಡಿಯಲ್ಲಾದರೂ ಗೆಳೆಯ ಇನ್ನೂ ಇದ್ದಾನೆ. ಮುಂದಿನ ಊರಲ್ಲೂ ಅದನ್ನೇ ಹೇಳಿದ. ಹೇಳುತ್ತಾ ಹೋದಂತೆ, ನಿಜ ಹೇಳುವುದೆಂದರೆ ಅವನನ್ನು ತನ್ನ ಕೈಯಾರೆ ಊರೂರಲ್ಲಿ ಮತ್ತೆ ಮತ್ತೆ ಹೂಳಿದಂತೆ ಎನ್ನಿಸತೊಡಗಿತು.

ಗಿರಣಿಯ ಊರು ಬಂದಾಗ ಅವನಿಗೆ ಹೆದರಿಕೆಯಾಯಿತು. ಅಜ್ಜಿಯ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಬರಿಗೈಯಲ್ಲಿ ಹೇಳಿದರೆ ನಂಬಲಾರಳು, ಮೀನು ಕೊಟ್ಟು ಹೇಳಿದರೆ ನಂಬಿಯಾಳು ಎಂದುಕೊಂಡ. ಬೆಳಿಗ್ಗೆ ಗೆಳೆಯನ ಗಾಳ ಹಿಡಿದು ಹೊಳೆಗೆ ಹೋದ. ದಾರ ಗಂಟಾಯಿತು, ಎರೆಹುಳು ಕೈಜಾರಿತು, ಕೊನೆಗೆ ಯಾವುದೋ ಪುಣ್ಯಕ್ಕೆ ಒಂದು ಮೀನು ಕಚ್ಚಿತು. ಅಲ್ಲೇ ಬಂಡೆಯ ಮೇಲೆ ಹುರುಪೆ ತೆಗೆದು ಎರಡು ತುಂಡು ಮಾಡಿದ. ಮಾತು ಅರ್ಧ ಅರ್ಧ ಅಲ್ಲವೇ? ಚೀಲದಿಂದ ಕೈತಕ್ಕಡಿ ತೆಗೆದು ತೂಗಿದ. ತಲೆಯ ಕಡೆ ಭಾರವಾಯಿತು. ಒಂದು ಚೂರು ಕೊಯ್ದು ಬಾಲದ ಕಡೆಗೆ ಹಾಕಿದ. ತಟ್ಟೆಗಳು ಸಮನಾಗಿ ನಿಂತವು. ಎರಡು ಪೊಟ್ಟಣ ಕಟ್ಟಿ ಹೊರಟ.

ಗಿರಣಿ ಓಡುತ್ತಿತ್ತು. ಬೆಲ್ಟು, ತೊಲೆ, ಅಜ್ಜಿಯ ಹುಬ್ಬು, ಎಲ್ಲದರ ಮೇಲೂ ಹಿಟ್ಟು. ಅಜ್ಜಿ ಬೆಂಚಿನ ಮೇಲೆ ಕುಳಿತು ಕಾಳು ಆರಿಸುತ್ತಿದ್ದಳು. ಸೊಸೆ ಗೋಧಿ ಸುರಿಯುತ್ತಿದ್ದಳು.

"ಎಲ್ಲಿ ಆ ಪೋಕರಿ?" ಎಂದಳು ಅಜ್ಜಿ.

"ಜ್ವರ ಅಜ್ಜಿ. ಲಾಡ್ಜಲ್ಲಿ ಮಲಗಿದ್ದಾನೆ. ಬೆಳಿಗ್ಗೆ ಅವನೇ ಮೀನು ಹಿಡಿದು, ಅವನೇ ಕೊಯ್ದು, ಕೊಟ್ಟು ಬಾ ಅಂದ."

"ಜ್ವರದಲ್ಲಿ ಹೊಳೆಗಿಳಿದ್ನಾ? ಬುದ್ಧಿ ಬೇಡ್ವಾ ಅವನಿಗೆ!" ಎನ್ನುತ್ತಾ ಅಜ್ಜಿ ಪೊಟ್ಟಣಗಳನ್ನು ಬಿಚ್ಚಿದಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಬಾಲದ ತುಂಡಿನ ಪಕ್ಕದಲ್ಲಿದ್ದ ಚೂರನ್ನು ಬೆರಳಲ್ಲಿ ಎತ್ತಿ ಹಿಡಿದಳು.

"ಇದೇನು?"

ಅಜ್ಜಿ ಎದ್ದು ಹೋಗಿ ಗಿರಣಿಯ ತಕ್ಕಡಿಯ ಒಂದೊಂದು ತಟ್ಟೆಯಲ್ಲಿ ಒಂದೊಂದು ಪಾಲನ್ನಿಟ್ಟಳು. ಹೋದ ಸಲ ಅವರಿಬ್ಬರೇ ಸರಿಮಾಡಿ ಹೋಗಿದ್ದ ತಕ್ಕಡಿ ಅದು. ಅದರ ಅಡ್ಡದಂಡ ಅತ್ತಿತ್ತ ತೂಗಿ ಸಮನಾಗಿ ನಿಂತಿತು.

"ಇದು ಅವನು ಕೊಯ್ದಿದ್ದಲ್ಲಪ್ಪ" ಎಂದಳು ಅಜ್ಜಿ, ಮೆಲ್ಲಗೆ. "ಅವನಿಗೇನಾಯ್ತು?"

ಸೊಸೆ ಗಿರಣಿ ನಿಲ್ಲಿಸಿದಳು. ಬೆಲ್ಟು ಪಟಪಟ ಬಡಿದು ತಣ್ಣಗಾಯಿತು. ಅಷ್ಟು ಹೊತ್ತು ಸದ್ದಿನ ಮರೆಯಲ್ಲಿ ನಿಂತಿದ್ದವನಿಗೆ ಈಗ ಮರೆಯೇ ಇಲ್ಲವಾಯಿತು.

"ಹೋಗ್ಬಿಟ್ಟ ಅಜ್ಜಿ."

ಅಷ್ಟು ದಿನ ಬಾರದ ಅಳು ಅವನಿಗೆ ಬಂದದ್ದು ಆ ಹಿಟ್ಟಿನ ಮೂಟೆಗಳ ನಡುವೆ. ಯಾರೂ ಸಮಾಧಾನ ಹೇಳಲಿಲ್ಲ. ಸೊಸೆ ಮೀನಿಗೆ ಉಪ್ಪು ಖಾರ ಸವರಿ, ಗಿರಣಿ ಕಲ್ಲಿನ ಬಿಸಿ ಇನ್ನೂ ಆರದ ಹಿಟ್ಟಿನಲ್ಲಿ ಹೊರಳಿಸಿ, ಕಾವಲಿಗೆ ಹಾಕಿದಳು. ಹೊರಗೆ ಡಬ್ಬಿ ಹಿಡಿದು ನಿಂತವರಿಗೆ ಅಜ್ಜಿ, "ಇವತ್ತು ತಡ ಆಗುತ್ತೆ, ಹೋಗಿ ಬನ್ನಿ" ಎಂದು ಕೂಗಿ ಹೇಳಿದಳು.

ತಟ್ಟೆ ಮುಂದೆ ಬಂದಾಗ ಅಜ್ಜಿ ಆ ಸಣ್ಣ ಚೂರನ್ನು ಅವನ ತಟ್ಟೆಯ ಅಂಚಿಗಿಟ್ಟಳು.

"ಇದನ್ನ ನೀನೇ ತಿನ್ನು. ಇನ್ನೊಂದ್ಸಲ ಬರುವಾಗ ತೂಗ್ಬೇಡ, ಸುಮ್ನೆ ಕೊಯ್ಕೊಂಡು ಬಾ. ನಮಗೆ ಜಾಸ್ತಿ ಬಂದ್ರೆ ಬೈಯೋಕೆ ನಾನಿದ್ದೀನಿ." ಆಮೇಲೆ ಗೋಡೆಗೊರಗಿ ಕುಳಿತು ಕೇಳಿದಳು: "ಈಗ ಹೇಳು. ಹೋಗುವಾಗ ಅವನ ಜೊತೆ ಯಾರಿದ್ರು?"

ಎಂದೂ ಹೆಚ್ಚು ಮಾತಾಡದ ಜೊತೆಗಾರ ಮುಳ್ಳು ಬಿಡಿಸುತ್ತಾ ಹೇಳತೊಡಗಿದ.