ಕೈ ಎತ್ತಿದವರಿಗೆಲ್ಲ ನಿಲ್ಲುವ ಬಿಜಲಿ

ಬಿಜಲಿ ಎಂಬ ಹೆಸರು ಕೇಳಿ ಮಿಂಚಿನಂತೆ ಓಡುವ ಕುದುರೆ ಎಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಅದು, ಆ ಕುದುರೆಯನ್ನು ನೋಡಿಕೊಳ್ಳುವ ಹುಡುಗಿ ನೂರೀನ ಸಿಟ್ಟಿನಲ್ಲಿ ಇಟ್ಟ ಹೆಸರು. ಮುಂಬಯಿಯ ಮಹಾಲಕ್ಷ್ಮಿ ಸ್ಟೇಷನ್ನಿನ ಆಚೆಗಿರುವ ಪುಟ್ಟ ಸವಾರಿ ಶಾಲೆಯ ಅಂಗಳದಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಈ ಕಂದು ಹೆಣ್ಣು ಕುದುರೆ, ಬೇಲಿಯಾಚೆ ಯಾರಾದರೂ ಟ್ಯಾಕ್ಸಿಗೆಂದು ಕೈ ಎತ್ತಿದರೆ ಸಾಕು, ಗಕ್ಕನೆ ನಿಂತುಬಿಡುತ್ತಿತ್ತು. ಮೇಲೆ ಕೂತ ನೂರೀನ ಅದರ ಕುತ್ತಿಗೆಗೆ ಜೋತುಬೀಳಬೇಕು.

"ಫಿರ್ ಲೈಟ್ ಗಯಾ ಕ್ಯಾ ತೇರಾ?" ಎಂದು ಅವಳು ಬೈಯುವಳು. ಓಡುತ್ತಿದ್ದದ್ದು ಕರೆಂಟು ಹೋದಂತೆ ನಿಂತರೆ ಮತ್ತೇನೆನ್ನಬೇಕು? ಬಿಜಲಿ ಎಂದರೆ ಕರೆಂಟೂ ಹೌದಲ್ಲ, ಹಾಗೆ ಆ ಹೆಸರಾಯಿತು. ಇನ್ನು ಮುಂದೆ ನಾನೂ ಕುದುರೆಯನ್ನು ಅವಳು ಎಂದೇ ಕರೆಯುತ್ತೇನೆ. ಅದು ಇದು ಎಂದರೆ ನೂರೀನ ಜಗಳಕ್ಕೆ ಬರುತ್ತಾಳೆ.

ಬಿಜಲಿ ಮೊದಲು ವಿಕ್ಟೋರಿಯಾ ಗಾಡಿ ಎಳೆಯುತ್ತಿದ್ದವಳು. ಸಮುದ್ರದ ದಂಡೆಯುದ್ದಕ್ಕೂ ಜನರನ್ನು ಕೂಡ್ರಿಸಿಕೊಂಡು ಓಡಾಡುತ್ತಿದ್ದ ಆ ಗಾಡಿಗಳು ಬಂದಾದ ಮೇಲೆ ಯಾರ ಯಾರ ಕೈಗೋ ಹೋಗಿ, ಕಡೆಗೆ ಕುಂಟುತ್ತ ಒಂದು ಫ್ಲೈಓವರ್ ಕೆಳಗೆ ನಿಂತಿದ್ದಳು. ಪ್ರಾಣಿದಯೆಯ ಜನ ಹಿಡಿದು ತಂದು ಮದ್ದು ಮಾಡಿ, ಸವಾರಿ ಶಾಲೆಗೆ ಬಿಟ್ಟುಹೋದರು. ಎದೆಯ ಮೇಲೆ ಗಾಡಿಯ ಪಟ್ಟಿ ಉಜ್ಜಿ ಉಜ್ಜಿ ಆದ ಕಲೆಯಲ್ಲಿ ಇವತ್ತಿಗೂ ಕೂದಲು ಬಂದಿಲ್ಲ.

ಅವಳು ಜಿಗಿಯಬಲ್ಲಳು ಎಂದು ಗೊತ್ತಾದದ್ದು ಮಳೆಗಾಲದಲ್ಲಿ. ಕುದುರೆಗಳನ್ನು ಕಟ್ಟುವ ತಬೇಲಾದ ಮುಂದೆ ನೀರು ನಿಂತಿತ್ತು. ಬೇರೆ ಕುದುರೆಗಳು ಪಚಪಚ ತುಳಿದುಕೊಂಡು ಹೋದವು. ಬಿಜಲಿ ಮಾತ್ರ ಕಾಲು ಮಡಚಿ ಇಡೀ ಹೊಂಡವನ್ನೇ ಹಾರಿ ಆಚೆ ನಿಂತಳು. ನೀರು ನಿಂತಲ್ಲಿ ಗಟಾರದ ಬಾಯಿ ತೆರೆದಿರಬಹುದು ಎಂಬುದು ಮುಂಬಯಿಯ ಪ್ರತಿ ಜೀವಿಗೂ ಗೊತ್ತು, ಅವಳಿಗೆ ಗೊತ್ತಿರುವುದಿಲ್ಲವೇ? ಅದನ್ನು ಕಂಡ ನೂರೀನ ಅವತ್ತೇ ಎರಡು ಬಿದಿರು ಕಟ್ಟಿ ಜಿಗಿಸಿ ನೋಡಿದಳು. ಹೂವಿನಷ್ಟು ಹಗುರ!

ಶಾಲೆಯನ್ನು ನಡೆಸುವವರು ವಿನೋದಿನಿ ಶೆಟ್ಟಿ. ಉಡುಪಿ ಕಡೆಯವರು, ಮಾತು ಖಾರ, ಮನಸ್ಸು ಬೆಣ್ಣೆ. ಅವರು ನೂರೀನಳನ್ನು ಕರೆದು ಖಡಾಖಂಡಿತ ಹೇಳಿದರು, "ನೋಡು ಮಾರಾಯ್ತಿ, ನಮ್ಮಲ್ಲಿ ಜಾಗ ಉಂಟಾ? ಚಳಿಗಾಲದ ಜಿಗಿತದ ಸ್ಪರ್ಧೆಯಲ್ಲಿ ಇವಳು ಒಂದು ಸುತ್ತು ಸರಿಯಾಗಿ ಮುಗಿಸಿದರೆ ಮಕ್ಕಳಿಗೆ ಕಲಿಸುವ ಕುದುರೆಯಾಗಿ ಇಲ್ಲೇ ಇರ್ಲಿ. ಹೀಗೆ ನಡುದಾರಿಯಲ್ಲಿ ನಿಲ್ಲುವ ಕುದುರೆ ಮೇಲೆ ಮಕ್ಕಳನ್ನು ಹೇಗೆ ಕೂರಿಸುವುದು? ಆಗದಿದ್ದರೆ ನೀಲಗಿರಿಯ ಕುದುರೆಗಳ ಆಶ್ರಮಕ್ಕೆ ಕಳಿಸುವ. ಅಲ್ಲಿ ಹುಲ್ಲು ಉಂಟು, ತಂಪು ಉಂಟು. ನೀನು ಅಳ್ಬಾರ್ದು."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನೀಲಗಿರಿಯಲ್ಲಿ ಎಷ್ಟು ಹುಲ್ಲಿದ್ದರೇನು, ಅಲ್ಲಿ ನೂರೀನ ಇಲ್ಲವಲ್ಲ! ಬೆಳಿಗ್ಗೆ ಅವಳ ಚಪ್ಪಲಿಯ ಸದ್ದಿಗೇ ಬಿಜಲಿ ತಲೆ ಹೊರಗೆ ಹಾಕಿ ಕೂಗುತ್ತಿದ್ದಳು. ಆ ಕೂಗು ಕೇಳದ ಒಂದು ಬೆಳಗನ್ನು ನೂರೀನಳಿಗೆ ಯೋಚಿಸಲೂ ಆಗುತ್ತಿರಲಿಲ್ಲ.

ಈಗ ನೂರೀನಳ ಮನೆಯ ಸುದ್ದಿ. ಬೈಕುಲ್ಲಾದ ಒಂದು ಚಾಳಿನಲ್ಲಿ ಅವಳು, ಅವಳ ಅಬ್ಬಾ ಅಮೀರಸಾಬ, ಅಬ್ಬಾನ ತಾಯಿ ದಾದಿ ಇಮಾಮಬಿ. ತಾಯಿ ತೀರಿಕೊಂಡು ಬಹಳ ವರ್ಷವಾಯಿತು. ದಾದಿ ಸಿಂದಗಿ ಕಡೆಯಿಂದ ಬಂದವಳು. ಮನೆಯಲ್ಲಿ ದಖನಿ, ಪಕ್ಕದ ಖೋಲಿಯ ಕಾಶವ್ವನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ ಸೇರಿಸಿ. ಅಬ್ಬಾ ಈಗ ಪರೇಲಿನ ಒಂದು ಗಾಜಿನ ಬಿಲ್ಡಿಂಗಿನಲ್ಲಿ ರಾತ್ರಿಪಾಳಿಯ ವಾಚ್‌ಮನ್. ಅದಕ್ಕೂ ಮೊದಲು ಅವರು ವಿಕ್ಟೋರಿಯಾ ನಡೆಸುತ್ತಿದ್ದರು.

ಇದೊಂದು ಮಾತನ್ನು ನೂರೀನ ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳಿಯಾಳು? ಬಿಜಲಿಯ ಎದೆಯ ಕಲೆ ನೋಡಿದವರೆಲ್ಲ "ಗಾಡಿಯವರು ಅಂದರೆ ಕಟುಕರು" ಎನ್ನುತ್ತಿದ್ದರು. ಅಬ್ಬಾ ತಮ್ಮ ಗಾಡಿಯ ಕುದುರೆ ಚಾಂದನಿಗೆ ಮೊದಲು ಉಣಿಸಿ ಆಮೇಲೆ ತಾವು ಉಣ್ಣುತ್ತಿದ್ದರು, ಗಾಡಿಗಳು ಬಂದಾಗಿ ಅವಳನ್ನು ಬೇರೆಯವರ ಕೈಗೆ ಒಪ್ಪಿಸಿ ಬಂದ ದಿನ ಗೋಡೆಗೆ ಮುಖ ಮಾಡಿ ಮಲಗಿದ್ದರು ಎಂದು ಒದರಿ ಹೇಳಬೇಕೆನಿಸುತ್ತಿತ್ತು. ಆದರೆ ತಲೆ ಬಗ್ಗಿಸಿ ಬಿಜಲಿಯ ಮೈ ಉಜ್ಜುತ್ತಿದ್ದಳು. ಅಬ್ಬಾ ಕೂಡ ಅಂದಿನಿಂದ ಕುದುರೆಯ ಹತ್ತಿರ ಸುಳಿದವರಲ್ಲ. ಮಗಳು ಕುದುರೆ ಕೆಲಸ ಹಿಡಿದಾಗ ಬೇಡವೆನ್ನಲಿಲ್ಲ, ನೋಡಲೂ ಬರಲಿಲ್ಲ.

ಬಿಜಲಿಯ ಚಟ ಬಿಡಿಸಲು ನೂರೀನ ಪಟ್ಟ ಪಾಡು ಒಂದೆರಡಲ್ಲ. ಕ್ಯಾರೆಟ್ ತಿನಿಸಿದಳು, ಮುದ್ದು ಮಾಡಿದಳು, ಹಿಮ್ಮಡಿಯಿಂದ ಒತ್ತಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಒಮ್ಮೆ ವಿನೋದಿನಿ ಮೇಡಂ ತಲೆಗೂದಲು ಸರಿಮಾಡಿಕೊಳ್ಳಲು ಕೈ ಎತ್ತಿದ್ದಕ್ಕೇ ಬಿಜಲಿ ಅವರ ಪಕ್ಕ ಬಂದು ನಿಂತು, ಹತ್ತುವಿರಾ ಎಂಬಂತೆ ನೋಡಿದಳು.

"ಹುಟ್ಟುಗುಣ ಸುಟ್ರೂ ಹೋಗೂದಿಲ್ಲವಾ," ಎಂದು ಕಾಶವ್ವ ಬಾಗಿಲಲ್ಲಿ ಕೂತು ತೀರ್ಪು ಕೊಟ್ಟಳು.

ನೂರೀನ ಊಟ ಬಿಡುವುದಕ್ಕೆ ಶುರುಮಾಡಿದಾಗ ಇಮಾಮಬಿಗೆ ತಡೆಯಲಾಗಲಿಲ್ಲ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ತುಂಬಿ, ಪಾಳಿ ಮುಗಿಸಿ ಬಂದ ಮಗನ ಕೈಗೆ ತುರುಕಿದಳು. "ಕುದುರಿ ನೋಡಬ್ಯಾಡ. ಹೆತ್ತ ಮಗಳ ಮಾರಿ ನೋಡಿ ಡಬ್ಬಿ ಕೊಟ್ಟು ಬಾ. ಅದಕ್ಕೂ ನಿನ್ನ ಕೈಲೆ ಆಗೂದಿಲ್ಲೇನು?"

ತಾಯಿಯ ಮಾತಿಗೆ ಅಮೀರಸಾಬ ಬಂದರು. ಬೇಲಿಯ ಹತ್ತಿರ ನಿಂತು, ಮಗಳಿಗೆ ಕಾಣಲೆಂದು ಡಬ್ಬಿ ಹಿಡಿದ ಕೈಯನ್ನು ಮೇಲೆತ್ತಿದರು. ಇನ್ನು ಕೇಳಬೇಕೆ! ಬಿಜಲಿ ಅಂಗಳದ ಆ ತುದಿಯಿಂದ ಹೊರಳಿ ಬಂದು ಅವರ ಮುಂದೆ ಮೈ ಅಡ್ಡ ಮಾಡಿ ನಿಂತಳು.

ಅಮೀರಸಾಬರು ಕುದುರೆಯನ್ನು ನೋಡಲಿಲ್ಲ. ಅವರ ಕಣ್ಣು ಅಭ್ಯಾಸಬಲದಿಂದ ಕುದುರೆಯ ಹಿಂದೆ, ಗಾಡಿ ಇರಬೇಕಾದ ಜಾಗಕ್ಕೆ ಹೋಯಿತು. ಅಲ್ಲಿ ಬರೀ ಗಾಳಿ. ಅವರು ಇದ್ದಕ್ಕಿದ್ದಂತೆ ನಕ್ಕರು.

"ಯಾಕ್ ನಗ್ತೀರಿ ಅಬ್ಬಾ? ನನ್ ಜಾನ್ ಹೋಗ್ತಾ ಇದೆ ಇಲ್ಲಿ!" ನೂರೀನ ರೇಗಿದಳು.

"ಖಾಲಿ ಗಾಡಿ, ಬೇಟಾ. ನೀ ಗಾಡಿ ಹೊಡಿಯಾಕಿ ಅಂತ ತಿಳಕೊಂಡಾಳ ಆಕಿ. ಹಿಂದ ಸವಾರಿ, ಅಂದ್ರ ಗಿರಾಕಿ, ಕುಂತಿಲ್ಲ. ಗಿರಾಕಿ ಸಿಗದಿದ್ರ ಈ ಹುಡುಗಿ ರಾತ್ರಿ ಏನ್ ಉಣ್ಣಬೇಕು ಅಂತ ಆಕಿಗಿ ಚಿಂತಿ. ನಿನ್ನ ಸಲುವಾಗಿ ನಿಂದ್ರತಾಳ, ಪಾಪ."

ಇಷ್ಟು ದಿನ ಹಟಮಾರಿ, ಮೊಂಡಿ ಎಂದು ಬೈದದ್ದು ನೆನಪಾಗಿ ನೂರೀನಳ ಕಣ್ಣು ತುಂಬಿತು. ಬಿಜಲಿಯ ಕುತ್ತಿಗೆ ತಬ್ಬಿಕೊಂಡು ಅಳುತ್ತಲೇ ನಕ್ಕಳು.

"ಹಂಗಾದ್ರ ಸವಾರಿ ಕುಂತದ ಅಂತ ಆಕಿಗಿ ಹೇಳಬೇಕು," ಎಂದರು ಅಬ್ಬಾ. ಗಾಡಿಯವರು ಜನ ಹತ್ತಿ ಕೂತಮೇಲೆ ಹಲಗೆಗೆ ಎರಡು ಸಲ ತಟ್ಟಿ, ಗಂಟಲು ತೆರೆದು ಒಂದು ಮಾತು ಕೂಗುತ್ತಿದ್ದರಂತೆ. ಆ ಕೂಗು ಬಿದ್ದಮೇಲೆ ದಾರಿಯಲ್ಲಿ ಯಾರು ಕೈ ಎತ್ತಿದರೂ ಕುದುರೆ ತಿರುಗಿ ನೋಡದು. ಅಬ್ಬಾ ಅದನ್ನು ಮಗಳ ಕಿವಿಯಲ್ಲಿ ಹೇಳಿಕೊಟ್ಟು, ಡಬ್ಬಿ ಇಟ್ಟು, ಬಿಜಲಿಯನ್ನು ಮುಟ್ಟದೆ ಹೊರಟುಹೋದರು.

ಅಕ್ಕಪಕ್ಕ ಯಾರೂ ಇಲ್ಲದ ಹೊತ್ತು ನೋಡಿ ನೂರೀನ ಜೀನಿನ ಹಿಂಭಾಗಕ್ಕೆ ಎರಡು ಸಲ ತಟ್ಟಿ ಕೂಗಿದಳು, "ಸವಾರಿ ಬೈಠ್ ಗಯೀ, ಚಲ್!"

ಬಿಜಲಿಯ ಕಿವಿ ಹಿಂದಕ್ಕೆ ತಿರುಗಿತು. ಹೌದಾ ಎಂದು ಕೇಳಿದಂತೆ. ಆಮೇಲೆ ಹೊರಟಳು ನೋಡಿ! ಬೇಲಿಯಾಚೆ ಒಂದು ಇಡೀ ಕುಟುಂಬ ಟ್ಯಾಕ್ಸಿಗೆ ಕೈ ಆಡಿಸುತ್ತಿತ್ತು. ಅವಳು ಕ್ಯಾರೇ ಎನ್ನಲಿಲ್ಲ.

ದಿನಗಳು ಕಳೆದಂತೆ ವಿನೋದಿನಿ ಮೇಡಂ ಹುಬ್ಬೇರಿಸಿದರು. "ಎಂತ ಮಂತ್ರ ಹಾಕಿದ್ದು ನೀನು?" ನೂರೀನ ನಕ್ಕು ಕ್ಯಾರೆಟ್ ತರಲು ಹೋದಳು. ಎಲ್ಲರೆದುರು ಆ ಮಾತು ಕೂಗಿದರೆ, ಇದನ್ನು ಎಲ್ಲಿ ಕಲಿತೆ ಎಂದು ಕೇಳದೆ ಬಿಡುತ್ತಾರೆಯೇ?

ಸ್ಪರ್ಧೆಯ ಭಾನುವಾರ ಬಂತು. ಮಂಡಿಯೆತ್ತರದ ಅಡ್ಡಕೋಲುಗಳು, ಹೊಸ ಕುದುರೆಗಳ ವಿಭಾಗ. ಒಮ್ಮೆ ನಿಂತರೆ ಅಂಕ ಹೋಗುತ್ತದೆ, ಎರಡನೇ ಸಲ ನಿಂತರೆ ಹೊರಗೆ. ಉಳಿದ ಕುದುರೆಗಳೆಲ್ಲ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಬಿಜಲಿಯ ಜಡೆಯನ್ನು ನೂರೀನ ತಾನೇ ಹೆಣೆದಿದ್ದಳು, ಎದೆಯ ಕಲೆಯನ್ನು ಮುಚ್ಚಲು ಮಾತ್ರ ಆಗಿರಲಿಲ್ಲ.

ಗಂಟೆ ಬಾರಿಸಿದರು. ನೂರೀನ ಸುತ್ತ ನೋಡಿದಳು. ಎಷ್ಟೊಂದು ಜನ, ಎಂಥ ಬಟ್ಟೆ, ಎಂಥ ಇಂಗ್ಲಿಷು! ಜೀನನ್ನು ಬೆರಳ ತುದಿಯಿಂದ ಮುಟ್ಟಿ, ಬಾಯೊಳಗೇ ಗೊಣಗಿದಳು, "ಸವಾರಿ ಬೈಠ್ ಗಯೀ..."

ಬಿಜಲಿಯ ಕಿವಿ ತಿರುಗಲಿಲ್ಲ. ಓಡಿದಳು, ನಿಜ. ಮೊದಲ ಕೋಲು ದಾಟಿದಳು, ಎರಡನೆಯದೂ ಆಯಿತು. ಮೂರನೆಯದು ಜನ ನಿಂತ ಕಟಕಟೆಯ ಪಕ್ಕದಲ್ಲಿತ್ತು. ಅಲ್ಲಿ ಎಲ್ಲರೂ ವಿಡಿಯೋ ಮಾಡಲೆಂದು ಮೊಬೈಲ್ ಎತ್ತಿ ಹಿಡಿದಿದ್ದರು. ಒಂದಲ್ಲ ಎರಡಲ್ಲ, ಸಾಲಿಗೆ ಸಾಲೇ ಗಿರಾಕಿ! ಖಾಲಿ ಗಾಡಿಯ ಬಿಜಲಿಗೆ ಇಷ್ಟು ಒಳ್ಳೆಯ ವ್ಯಾಪಾರ ಜನ್ಮದಲ್ಲಿ ಸಿಕ್ಕಿರಲಿಲ್ಲ. ಗಕ್ಕನೆ ನಿಂತಳು.

ಮೈಕಿನಲ್ಲಿ ಅಂಕ ಕಳೆದದ್ದನ್ನು ಸಾರಿದರು. ವಿನೋದಿನಿ ಮೇಡಂ ಮುಖ ಮುಚ್ಚಿಕೊಂಡರು. ಕುದುರೆ ನಿಂತದ್ದು ತಮಾಷೆಯೆಂದು ಮೊಬೈಲ್‌ಗಳು ಮತ್ತಷ್ಟು ಮೇಲೇರಿದವು. ಇನ್ನೊಂದು ಸಲ ನಿಂತರೆ ನೀಲಗಿರಿ.

ಆಗ ನೂರೀನಳಿಗೆ ಗೇಟಿನ ಪಕ್ಕ ಕಂಡರು ಅಬ್ಬಾ. ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದರು, ಮೈಮೇಲೆ ವಾಚ್‌ಮನ್ನಿನ ನೀಲಿ ಅಂಗಿ. ಅಷ್ಟು ಜನರಲ್ಲಿ ಅವರೊಬ್ಬರ ಕೈ ಮಾತ್ರ ಮೇಲಿರಲಿಲ್ಲ. ಎಲ್ಲಿ ಎತ್ತಿಬಿಟ್ಟೇನೋ ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ಉಸಿರುಬಿಡದೆ ನಿಂತಿದ್ದರು.

ನೂರೀನಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇಂಥ ಅಬ್ಬಾನ ಮಾತನ್ನು ಬಾಯೊಳಗೆ ಮುಚ್ಚಿಟ್ಟುಕೊಂಡೆನಲ್ಲ, ಥೂ! ಕುದುರೆಯನ್ನು ಹಿಂದಕ್ಕೆ ತಿರುಗಿಸಿ, ಅಂಗೈ ಅಗಲಿಸಿ ಜೀನಿಗೆ ಪಟ್ ಪಟ್ ಎಂದು ಎರಡು ಬಡಿದಳು. ಸಮುದ್ರದ ದಂಡೆಗೆ ಕೇಳುವಂತೆ ಕೂಗಿದಳು.

"ಸವಾರಿ ಬೈಠ್ ಗಯೀ! ಚಲ್ ಬಿಜಲಿ, ಚಲ್!"

ಇಡೀ ಮೈದಾನ ತಿರುಗಿ ನೋಡಿತು. ಬಿಜಲಿಯ ಕಿವಿಯೂ ತಿರುಗಿತು. ಅಯ್ಯೋ, ಕೂತಿದ್ದಾರಾ, ಮೊದಲೇ ಹೇಳಬಾರದೆ ಎಂಬಂತೆ ಕುತ್ತಿಗೆ ಕೊಡವಿ ಹೊರಟಳು. ಮೂರನೆಯದು ದಾಟಿದಳು. ಮೊಬೈಲ್‌ಗಳ ಸಾಲಿನ ಮುಂದೆ ಮತ್ತೊಮ್ಮೆ ಬರಬೇಕಾಯಿತು, ಆ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಒಂದು ಕೋಲು ಕಾಲಿಗೆ ತಗಲಿ ಬಿತ್ತು, ಬೀಳಲಿ ಬಿಡಿ. ಕೊನೆಯದನ್ನೂ ಹಾರಿ, ಸುತ್ತು ಮುಗಿಸಿ, ಮೂಗಿನಿಂದ ಜೋರಾಗಿ ಉಸಿರು ಬಿಟ್ಟಳು.

ಬಹುಮಾನ ಬರಲಿಲ್ಲ. ವಿನೋದಿನಿ ಮೇಡಂ ಓಡೋಡಿ ಬಂದು ಬಿಜಲಿಯ ಕೆನ್ನೆಗೆ ಮುತ್ತಿಟ್ಟರು. "ಇರ್ತಾಳೆ ಮಾರಾಯ್ತಿ, ಇಲ್ಲೇ ಇರ್ತಾಳೆ! ಅದೆಂತ ಕೂಗಿದ್ದು ನೀನು? ಯಾರು ಕಲಿಸಿದ್ದು?"

"ಗಾಡಿಯವರ ಮಾತು ಮೇಡಂ," ಎಂದಳು ನೂರೀನ. "ನಮ್ಮ ಅಬ್ಬಾ ವಿಕ್ಟೋರಿಯಾ ನಡೆಸ್ತಿದ್ರು. ಅಲ್ಲಿ ನಿಂತಿದ್ದಾರೆ ನೋಡಿ, ನೀಲಿ ಶರ್ಟ್."

ಮೇಡಂ ಅತ್ತ ನೋಡಿದರು. ಆಮೇಲೆ, "ಮತ್ತೆ ಅಲ್ಲಿ ಯಾಕೆ ನಿಲ್ಲಿಸಿದ್ದು? ಒಳಗೆ ಕರಿ," ಎಂದರು.

ನೂರೀನ ಬಿಜಲಿಯ ಕುತ್ತಿಗೆ ಸವರಿ, "ಸವಾರಿ ಉತರ್ ಗಯೀ," ಎಂದು ಹೇಳಿದಳು. ಗಾಡಿ ಮತ್ತೆ ಖಾಲಿಯಾಯಿತು. "ಅಬ್ಬಾ! ಹಾಥ್ ಉಠಾವ್!" ಎಂದು ಕೂಗಿದಳು.

ಅಮೀರಸಾಬ ಹಿಂದುಮುಂದು ನೋಡಿದರು. ಬೆನ್ನ ಹಿಂದಿನ ಕೈಯನ್ನು ಮೆಲ್ಲಗೆ ಬಿಡಿಸಿ, ಭುಜದ ತನಕ ಮಾತ್ರ ಎತ್ತಿದರು. ಅಷ್ಟೇ ಸಾಕಾಯಿತು. ಬಿಜಲಿ ನಡೆದು ಹೋಗಿ, ಫುಟ್‌ಪಾತಿಗೆ ಗಾಡಿ ಹಚ್ಚಿದಂತೆ ಅವರ ಪಕ್ಕಕ್ಕೆ ಮೈಯೊಡ್ಡಿ ನಿಂತಳು.

ಅಬ್ಬಾ ಅವಳ ಎದೆಯ ಕಲೆಯ ಮೇಲೆ ಅಂಗೈ ಇಟ್ಟರು. "ದಾದರ್ ತನಕ ಬರ್ತಿಯೇನವಾ? ಎಷ್ಟ್ ತಗೋತಿ?" ಎಂದು ಕುದುರೆಯನ್ನೇ ಕೇಳಿದರು.

"ಹತ್ತಿ ಅಬ್ಬಾ," ಎಂದು ನೂರೀನ ಕೆಳಗಿಳಿದಳು.

"ಹುಚ್ಚೇನ ನಿನಗ? ನಾ ಹತ್ತೂದಾ? ಇಷ್ಟ್ ವರ್ಷ ಮಂದೀನ ಹತ್ತಿಸೇನಿ..."

"ಅದಕ್ಕೇ ಹತ್ತಿ."

ಮೇಡಂ ತಾವೇ ಬಂದು ಅವರಿಗೆ ಹತ್ತಲು ಕೈಯಾಸರೆ ಕೊಟ್ಟರು. ಅಮೀರಸಾಬ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಹತ್ತಿ ಕೂತರು. ಲಗಾಮು ಹಿಡಿಯಲು ಚಾಚಿದ ಕೈಯನ್ನು ಮಗಳು ಮೆಲ್ಲಗೆ ಸರಿಸಿದಳು. ಇವತ್ತು ಗಾಡಿ ಅವಳದು. ಕುದುರೆಯ ಪಕ್ಕ ನಿಂತು, ಜೀನಿಗೆ ಕೈ ಚಾಚಿ ಎರಡು ಸಲ ತಟ್ಟಿದಳು. ಕೂಗಲೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಮೇಲಿನಿಂದ ಅಬ್ಬಾ ತಾವೇ ಹೇಳಿದರು, "ಸವಾರಿ ಬೈಠ್ ಗಯೀ, ಬೇಟಾ. ಚಲ್."